ಧ್ರುವಪ್ರದೇಶಗಳಲ್ಲಿ ವಾಯುಮಂಡಲದ ಪಾದರಸದ ಮಾಪನ

ಉತ್ತರ ಹಾಗೂ ದಕ್ಷಿಣ ಧ್ರುವಗಳ ಸುತ್ತಲಿನ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುವ ಪಾದರಸವನ್ನು ವರ್ಷವಿಡೀ ಅಳೆದು ದಾಖಲಿಸುವ ವೈಜ್ಞಾನಿಕ ಕಾರ್ಯವನ್ನು ಧ್ರುವಪ್ರದೇಶಗಳ ವಾಯುಮಂಡಲದ ಪಾದರಸದ ಮಾಪನ ಎನ್ನುತ್ತಾರೆ. ಈ ಪ್ರದೇಶಗಳಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ, ಉಷ್ಣವಿದ್ಯುತ್ ಸ್ಥಾವರಗಳ ಸಾಲುಗಳಿಲ್ಲ. ಆದರೂ ಅಲ್ಲಿಯ ಹಿಮಕರಡಿ, ಸೀಲ್ ಮತ್ತು ತಿಮಿಂಗಿಲಗಳ ದೇಹದಲ್ಲಿಯೂ, ಅವನ್ನು ಬೇಟೆಯಾಡಿ ಬದುಕುವ ಇನುಯಿಟ್ ಜನರ ರಕ್ತದಲ್ಲಿಯೂ ಪಾದರಸದ ಅಂಶ ಹೆಚ್ಚಾಗಿ ಕಂಡುಬಂದಿದೆ. ಅನ್ಯರು ಹೊರಸೂಸಿದ್ದು ಗಾಳಿಯ ಮೂಲಕ ಅಲ್ಲಿಗೆ ಎಷ್ಟು ಬರುತ್ತದೆ, ಬಂದದ್ದರಲ್ಲಿ ಎಷ್ಟು ನೆಲಕ್ಕಿಳಿಯುತ್ತದೆ, ಇಳಿದದ್ದರಲ್ಲಿ ಎಷ್ಟು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಮಾಪನದ ಉದ್ದೇಶ. ಕೆನಡಾದ ಅಲರ್ಟ್ ಕೇಂದ್ರದಲ್ಲಿ 1995ರ ಜನವರಿಯಲ್ಲಿ ಆರಂಭವಾದ ನಿರಂತರ ಮಾಪನವು ಆರ್ಕ್ಟಿಕ್ ಪ್ರದೇಶದ ಇಂತಹ ದಾಖಲೆಗಳಲ್ಲಿ ಅತ್ಯಂತ ದೀರ್ಘವಾದುದು.

ಪಾದರಸವು ಧ್ರುವವನ್ನು ತಲುಪುವ ಬಗೆ

ಸಾಮಾನ್ಯ ಉಷ್ಣತೆಯಲ್ಲಿ ದ್ರವರೂಪದಲ್ಲಿರುವ ಏಕೈಕ ಲೋಹ ಪಾದರಸ. ಅದು ಸುಲಭವಾಗಿ ಆವಿಯಾಗುತ್ತದೆ. ಆವಿಯಾದ ಮೇಲೆ ನೀರಿನಲ್ಲಿ ಬಹುಮಟ್ಟಿಗೆ ಕರಗದು, ಮಳೆಯೊಡನೆ ಬೇಗ ಇಳಿಯದು. ಆದ್ದರಿಂದ ಧಾತುರೂಪದ ಪಾದರಸದ ಆವಿ ಹಲವು ತಿಂಗಳ ಕಾಲ ಗಾಳಿಯಲ್ಲಿ ಉಳಿದು ಭೂಗೋಳವನ್ನು ಸುತ್ತಬಲ್ಲದು. ವಾಯುಮಂಡಲದ ಪಾದರಸದಲ್ಲಿ ಶೇಕಡಾ 95ಕ್ಕಿಂತ ಹೆಚ್ಚಿನ ಭಾಗ ಸಾಮಾನ್ಯವಾಗಿ ಈ ರೂಪದಲ್ಲಿಯೇ ಇರುತ್ತದೆ. ಉಳಿದ ಅಲ್ಪಭಾಗವು ಬ್ರೋಮಿನ್, ಕ್ಲೋರಿನ್ ಮುಂತಾದವುಗಳೊಡನೆ ಸಂಯೋಗಗೊಂಡ ಉತ್ಕರ್ಷಿತ ಪಾದರಸವಾಗಿ ಅಥವಾ ಧೂಳಿನ ಕಣಗಳಿಗೆ ಅಂಟಿಕೊಂಡ ಕಣಬದ್ಧ ಪಾದರಸವಾಗಿ ಇರುತ್ತದೆ. ಈ ಎರಡು ರೂಪಗಳು ಗಾಳಿಯಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಹಿಮ, ನೀರು, ನೆಲ ಯಾವುದು ಸಿಕ್ಕಿದರೂ ಅದಕ್ಕೆ ಅಂಟಿಕೊಳ್ಳುತ್ತವೆ.

ಪಾದರಸವು ಸೊನ್ನೆಗಿಂತ ಸುಮಾರು 39 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ, ಧ್ರುವದ ಚಳಿಗಾಲ ಅದಕ್ಕಿಂತಲೂ ತಣ್ಣಗಿರಬಲ್ಲದು. ಹಾಗಿರುವಾಗ ಗಾಳಿಯ ಪಾದರಸ ಅಲ್ಲಿ ಗಟ್ಟಿಯಾಗಿ ಉದುರಿಹೋಗಬೇಕಲ್ಲವೇ ಎಂಬ ಸಂದೇಹ ವಿದ್ಯಾರ್ಥಿಗಳಿಗೆ ಬರುವುದು ಸಹಜ. ಹಾಗಾಗುವುದಿಲ್ಲ. ಥರ್ಮಾಮೀಟರಿನಲ್ಲಿ ಒಟ್ಟುಗೂಡಿರುವ ಪಾದರಸ ಹೆಪ್ಪುಗಟ್ಟುತ್ತದೆ ನಿಜ. ಆದರೆ ಗಾಳಿಯಲ್ಲಿ ಅದರ ಪರಮಾಣುಗಳು ಒಂದರಿಂದ ಒಂದು ಅಷ್ಟು ದೂರದಲ್ಲಿ ಚದುರಿರುವುದರಿಂದ ಎಂತಹ ಚಳಿಯಲ್ಲಿಯೂ ಆವಿಯಾಗಿಯೇ ಉಳಿಯುತ್ತವೆ. ಅವು ಕೆಳಗಿಳಿಯಲು ಚಳಿಯೊಂದೇ ಸಾಲದು, ರಾಸಾಯನಿಕ ಮಾರ್ಪಾಡು ಬೇಕು.

ಜ್ವಾಲಾಮುಖಿಗಳಿಂದಲೂ ಬಂಡೆಗಳ ಸವೆತದಿಂದಲೂ ಪಾದರಸ ಸ್ವಾಭಾವಿಕವಾಗಿ ಹೊರಬರುತ್ತದೆ. ಮನುಷ್ಯನ ಪಾಲು ಅದಕ್ಕಿಂತ ಬಹಳ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2018ರ ಜಾಗತಿಕ ಪಾದರಸ ಮೌಲ್ಯಮಾಪನದ ಪ್ರಕಾರ 2015ರಲ್ಲಿ ಮಾನವ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಶೇಕಡಾ 38ರಷ್ಟು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ ಬಂದದ್ದು. ಅದಿರಿನ ಪುಡಿಗೆ ಪಾದರಸ ಬೆರೆಸಿ ಚಿನ್ನವನ್ನು ಹಿಡಿದಿಟ್ಟು, ಆಮೇಲೆ ಆ ಮಿಶ್ರಲೋಹವನ್ನು ಕಾಯಿಸಿ ಪಾದರಸವನ್ನು ಹಾರಿಸಿಬಿಡುವುದು ಅಲ್ಲಿಯ ಪದ್ಧತಿ. ಕಲ್ಲಿದ್ದಲಿನ ದಹನದ ಪಾಲು ಸುಮಾರು ಶೇಕಡಾ 21. ಇದಲ್ಲದೆ ಹಿಂದಿನ ತಲೆಮಾರುಗಳು ಹೊರಸೂಸಿ ನೆಲಕ್ಕೂ ಕಡಲಿಗೂ ಸೇರಿದ್ದ ಪಾದರಸ ಮತ್ತೆ ಮತ್ತೆ ಗಾಳಿಗೆ ಏಳುತ್ತಿರುತ್ತದೆ. ಇಂದು ಧ್ರುವದ ಗಾಳಿಯಲ್ಲಿ ಸಿಗುವ ಒಂದು ಪರಮಾಣು ನಿನ್ನೆಯ ಚಿಮಣಿಯದೋ ನೂರು ವರ್ಷದ ಹಿಂದಿನ ಗಣಿಯದೋ ಎಂದು ಬರಿಯ ಅಳತೆಯಿಂದ ಹೇಳಲಾಗದು.

ಅಳೆಯುವ ವಿಧಾನ

ಉತ್ತರಾರ್ಧಗೋಳದ ಶುದ್ಧ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 1.5 ನ್ಯಾನೋಗ್ರಾಂ ಪಾದರಸವಿರುತ್ತದೆ. ದಕ್ಷಿಣಾರ್ಧಗೋಳದಲ್ಲಿ ಸುಮಾರು 1 ನ್ಯಾನೋಗ್ರಾಂ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಒಂದು ಗ್ರಾಂ ಪಾದರಸವನ್ನು ಉತ್ತರಾರ್ಧಗೋಳದ ಈ ಪ್ರಮಾಣಕ್ಕೆ ತೆಳುವಾಗಿ ಹರಡಿದರೆ ಸುಮಾರು 67 ಕೋಟಿ ಘನ ಮೀಟರ್ ಗಾಳಿಗೆ ಸಾಕಾಗುತ್ತದೆ. ಮಾಪನ ಕೇಂದ್ರದೊಳಗೆ ಹಳೆಯ ಥರ್ಮಾಮೀಟರೊಂದು ಒಡೆದರೂ ಅಲ್ಲಿಯ ಲೆಕ್ಕವೆಲ್ಲ ಕೆಡುವುದು ಏಕೆಂದು ಇದರಿಂದ ತಿಳಿಯುತ್ತದೆ.

ಇಷ್ಟು ಕಡಿಮೆ ಪ್ರಮಾಣವನ್ನು ಹಿಡಿಯಲು ಬಳಸುವುದು ಚಿನ್ನವನ್ನೇ. ಅಕ್ಕಸಾಲಿಗರು ಬಹುಕಾಲದಿಂದ ಬಲ್ಲಂತೆ ಚಿನ್ನ ಮತ್ತು ಪಾದರಸ ಒಂದನ್ನೊಂದು ಬಿಡದೆ ಹಿಡಿಯುತ್ತವೆ. ಕೆನಡಾದ ಟೆಕ್ರಾನ್ ಸಂಸ್ಥೆಯ ಉಪಕರಣವು ಧ್ರುವ ಕೇಂದ್ರಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ ಚಿನ್ನವಿರುವ ಎರಡು ಕೊಳವೆಗಳು ಸರದಿಯಂತೆ ಕೆಲಸ ಮಾಡುತ್ತವೆ. ಒಂದರ ಮೂಲಕ ಕೆಲವು ನಿಮಿಷಗಳ ಕಾಲ ಗಾಳಿಯನ್ನು ಹಾಯಿಸಿದಾಗ ಪಾದರಸ ಚಿನ್ನಕ್ಕೆ ಅಂಟುತ್ತದೆ. ಅಷ್ಟರಲ್ಲಿ ಇನ್ನೊಂದನ್ನು ಕಾಯಿಸಿ, ಅದರಿಂದ ಬಿಡುಗಡೆಯಾದ ಪಾದರಸವನ್ನು ಆರ್ಗಾನ್ ಅನಿಲದೊಡನೆ ಒಂದು ಕೋಶಕ್ಕೆ ಒಯ್ಯಲಾಗುತ್ತದೆ. ಅಲ್ಲಿ 253.7 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು ಬಿದ್ದಾಗ ಪಾದರಸದ ಪರಮಾಣುಗಳು ಅದೇ ತರಂಗಾಂತರದಲ್ಲಿ ಬೆಳಗುತ್ತವೆ. ಆ ಬೆಳಕಿನ ತೀವ್ರತೆಯೇ ಪಾದರಸದ ಅಳತೆ. ಹೀಗೆ ಹಗಲಿರುಳೂ ದಾಖಲೆ ಬೆಳೆಯುತ್ತ ಹೋಗುತ್ತದೆ.

ಧಾತುರೂಪದ ಪಾದರಸದ ವಿಷಯದಲ್ಲಿ ಈ ವಿಧಾನ ನಂಬಲರ್ಹವಾದುದು. ಉತ್ಕರ್ಷಿತ ರೂಪದ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಅದನ್ನು ಪೊಟ್ಯಾಸಿಯಂ ಕ್ಲೋರೈಡ್ ಲೇಪಿಸಿದ ಗಾಜಿನ ಕೊಳವೆಯಲ್ಲಿ ಹಿಡಿಯುವುದು ವಾಡಿಕೆ. ಆದರೆ ಗಾಳಿಯ ಓಝೋನ್ ಮತ್ತು ತೇವಾಂಶಗಳು ಹಿಡಿದ ಪಾದರಸದ ಒಂದು ಭಾಗವನ್ನು ಮತ್ತೆ ಧಾತುರೂಪಕ್ಕೆ ತಿರುಗಿಸಿ ಬಿಡಿಸಿಬಿಡುತ್ತವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಹೀಗಾಗಿ ಹಳೆಯ ದಾಖಲೆಗಳಲ್ಲಿ ಉತ್ಕರ್ಷಿತ ಪಾದರಸದ ಪ್ರಮಾಣ ವಾಸ್ತವಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ನೆಲಕ್ಕೆ ಇಳಿಯುವುದು ಮುಖ್ಯವಾಗಿ ಈ ರೂಪವೇ ಆದ್ದರಿಂದ ಈ ಕೊರತೆ ಸಣ್ಣದಲ್ಲ.

ವಿದ್ಯುತ್ತೇ ಬೇಡದ ಸರಳ ಸಂಗ್ರಾಹಕಗಳೂ ಬಂದಿವೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ಸಂಗ್ರಾಹಕದಲ್ಲಿ ಗಂಧಕ ಸೇರಿಸಿದ ಇದ್ದಿಲು ಪಾದರಸವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ತೂಗುಹಾಕಿ ಅನಂತರ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಗಂಟೆಗಂಟೆಯ ಏರಿಳಿತ ಇದರಲ್ಲಿ ತಿಳಿಯದು.

ಅಲರ್ಟ್ ಮತ್ತು 1995ರ ವಸಂತ

ಕೆನಡಾದ ನುನವುಟ್ ಪ್ರಾಂತ್ಯದ ಎಲ್ಸ್‌ಮಿಯರ್ ದ್ವೀಪದ ಉತ್ತರ ತುದಿಯಲ್ಲಿ, 82.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಅಲರ್ಟ್ ಇದೆ. ವರ್ಷವಿಡೀ ಜನರಿರುವ ನೆಲೆಗಳಲ್ಲಿ ಇದೇ ಭೂಮಿಯ ಅತ್ಯಂತ ಉತ್ತರದ್ದು. ಅಕ್ಟೋಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಅಲ್ಲಿ ಸೂರ್ಯೋದಯವಿಲ್ಲ. ಕೆನಡಾ ಸರ್ಕಾರದ ಪರಿಸರ ಇಲಾಖೆಯ ವಿಲಿಯಂ ಶ್ರೋಡರ್ ಮತ್ತು ಸಂಗಡಿಗರು 1995ರ ಆರಂಭದಲ್ಲಿ ಅಲ್ಲಿ ಉಪಕರಣ ಹೂಡಿದಾಗ, ದೂರದ ಊರುಗಳಿಂದ ಬಂದ ಪಾದರಸದ ಹೆಚ್ಚುಕಡಿಮೆ ಸ್ಥಿರವಾದ ಮಟ್ಟವೊಂದು ಸಿಗಬೇಕಾಗಿತ್ತು. ಚಳಿಗಾಲದ ಕತ್ತಲೆಯಲ್ಲಿ ಸಿಕ್ಕಿದ್ದೂ ಅದೇ. ಆದರೆ ಸೂರ್ಯ ಮರಳಿ ಬಂದ ಮೇಲೆ ಪಾದರಸದ ಮಟ್ಟ ಕೆಲವೇ ಗಂಟೆಗಳಲ್ಲಿ ಕುಸಿದು, ಕೆಲವೊಮ್ಮೆ 0.1 ನ್ಯಾನೋಗ್ರಾಮಿಗಿಂತಲೂ ಕೆಳಗಿಳಿಯಿತು. ಮತ್ತೆ ಏರಿತು, ಮತ್ತೆ ಕುಸಿಯಿತು. ತಿಂಗಳುಗಟ್ಟಲೆ ಗಾಳಿಯಲ್ಲಿ ನಿಲ್ಲುವುದೆಂದು ಎಲ್ಲರೂ ನಂಬಿದ್ದ ವಸ್ತು ಒಂದು ದಿನದೊಳಗೆ ಕಾಣೆಯಾಗುವುದೆಂದರೆ ಯಾರೂ ಮೊದಲು ಉಪಕರಣವನ್ನೇ ಶಂಕಿಸಬೇಕಾದ ಸಂಗತಿ.

ಶಂಕೆಯನ್ನು ದೂರಮಾಡಿದ್ದು ಓಝೋನ್. ವಸಂತದಲ್ಲಿ ಆರ್ಕ್ಟಿಕ್ ಕಡಲಿನ ಮೇಲ್ಮೈಗೆ ಸಮೀಪದ ಓಝೋನ್ ಹಠಾತ್ತನೆ ಇಳಿಯುವುದು 1980ರ ದಶಕದಿಂದಲೇ ತಿಳಿದಿತ್ತು. ಪಾದರಸದ ಇಳಿತವು ಈ ಓಝೋನ್ ಇಳಿತದ ಜೊತೆಜೊತೆಗೇ, ನೆರಳಿನಂತೆ ನಡೆಯುತ್ತಿತ್ತು. ಬೇರೆ ಬೇರೆ ತತ್ತ್ವದ ಮೇಲೆ ಕೆಲಸ ಮಾಡುವ ಎರಡು ಉಪಕರಣಗಳು ಒಂದೇ ಗಳಿಗೆಯಲ್ಲಿ ಒಂದೇ ಬಗೆಯಾಗಿ ಕೆಡುವುದು ಅಸಂಭವ. ಈ ಶೋಧದ ವರದಿ 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ವಿದ್ಯಮಾನವನ್ನು ಪಾದರಸ ಕ್ಷೀಣಿಕೆ ಎಂದು ಕರೆಯಬಹುದು.

ಇದಕ್ಕೆ ಕಾರಣ ಬ್ರೋಮಿನ್. ಕಡಲ ನೀರು ಹೆಪ್ಪುಗಟ್ಟುವಾಗ ಉಪ್ಪು ಹೊರದೂಡಲ್ಪಟ್ಟು ಮಂಜುಗಡ್ಡೆಯ ಮೇಲೂ ಅದರ ಮೇಲಿನ ಹಿಮದಲ್ಲೂ ಸೇರಿಕೊಳ್ಳುತ್ತದೆ. ದೀರ್ಘ ರಾತ್ರಿ ಮುಗಿದು ಬೆಳಕು ಬಿದ್ದೊಡನೆ ಆ ಉಪ್ಪಿನಲ್ಲಿರುವ ಬ್ರೋಮೈಡ್ ಸರಪಳಿ ಕ್ರಿಯೆಯೊಂದರ ಮೂಲಕ ಬ್ರೋಮಿನ್ ಪರಮಾಣುಗಳಾಗಿ ಗಾಳಿಗೆ ಬರುತ್ತದೆ. ಅವು ಓಝೋನನ್ನು ನಾಶಪಡಿಸುತ್ತವೆ, ಪಾದರಸವನ್ನು ಉತ್ಕರ್ಷಿಸುತ್ತವೆ. ಉತ್ಕರ್ಷಿತವಾದ ಪಾದರಸ ಕೂಡಲೆ ಹಿಮಕ್ಕೆ ಅಂಟುತ್ತದೆ. ಕತ್ತಲೆಯೂ ಚಳಿಯೂ ಉಪ್ಪೂ ಮೊದಲು, ಬೆಳಕು ಆಮೇಲೆ. ಈ ಕ್ರಮ ಧ್ರುವದ ವಸಂತದಲ್ಲಲ್ಲದೆ ಬೇರೆಡೆ ಕೂಡಿಬರುವುದು ಅಪರೂಪ. ಮಾರ್ಚಿಯಿಂದ ಜೂನ್ ಆರಂಭದವರೆಗೆ ಇಂತಹ ಘಟನೆಗಳು ಮರುಕಳಿಸುತ್ತವೆ. ದುರದೃಷ್ಟವೆಂದರೆ ಜೀವಿಗಳು ಮರಿ ಹಾಕುವ, ಹಿಮ ಕರಗಿ ನೀರು ಕಡಲಿಗಿಳಿಯುವ ಕಾಲವೂ ಅದೇ.

ಕ್ಷೀಣಿಕೆಯ ಶೋಧವಾದಾಗ, ಟನ್ನುಗಟ್ಟಲೆ ಪಾದರಸ ಹಿಮದ ಮೂಲಕ ನೇರವಾಗಿ ಆಹಾರ ಸರಪಳಿ ಸೇರುತ್ತಿದೆ ಎಂಬ ಆತಂಕ ಹುಟ್ಟಿತು. ಮುಂದಿನ ವರ್ಷಗಳ ಮಾಪನ ಆ ಚಿತ್ರವನ್ನು ತಿದ್ದಿತು. ಹಿಮಕ್ಕೆ ಬಿದ್ದ ಪಾದರಸದ ದೊಡ್ಡ ಭಾಗವನ್ನು ಸೂರ್ಯನ ಬೆಳಕೇ ಮತ್ತೆ ಧಾತುರೂಪಕ್ಕೆ ತಿರುಗಿಸಿ ದಿನಗಳೊಳಗೆ ಗಾಳಿಗೆ ಹಿಂದಿರುಗಿಸುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ಹಿಮದ ಉಪ್ಪಿನಂಶ, ಹೊಸ ಹಿಮದ ಹೊದಿಕೆ, ಕಡಲಿನ ಸಾಮೀಪ್ಯಗಳನ್ನು ಅವಲಂಬಿಸಿದೆ. ಜಮೆಯನ್ನಷ್ಟೇ ನೋಡಿ ಖರ್ಚನ್ನು ನೋಡದವರ ಲೆಕ್ಕದಂತೆ ಮೊದಲ ಅಂದಾಜುಗಳು ಇದ್ದವು ಎನ್ನಬೇಕು.

ಇತರ ಉತ್ತರ ಕೇಂದ್ರಗಳು

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ ಓಲೆಸುಂಡ್ ಎಂಬ ಹಳ್ಳಿಯ ಮೇಲಿನ ಜೆಪ್ಪೆಲಿನ್ ಬೆಟ್ಟದಲ್ಲಿ, ಸುಮಾರು 475 ಮೀಟರ್ ಎತ್ತರದಲ್ಲಿ, ಇನ್ನೊಂದು ಮುಖ್ಯ ವೀಕ್ಷಣಾಲಯವಿದೆ. 2000ದಿಂದ ಅಲ್ಲಿ ಸ್ವಯಂಚಾಲಿತ ಮಾಪನ ನಡೆಯುತ್ತಿದೆ. ಈ ಹಳ್ಳಿ ಹುಟ್ಟಿದ್ದೇ ಕಲ್ಲಿದ್ದಲಿನ ಗಣಿಯಿಂದ. 1962ರ ಸ್ಫೋಟದಲ್ಲಿ 21 ಕಾರ್ಮಿಕರು ಮೃತಪಟ್ಟ ಮೇಲೆ ಗಣಿ ಮುಚ್ಚಿತು. ಕಲ್ಲಿದ್ದಲು ತೆಗೆದ ಊರಿನಲ್ಲಿಯೇ ಜಗತ್ತಿನ ಕಲ್ಲಿದ್ದಲಿನ ಹೊಗೆಯನ್ನು ಅಳೆಯುತ್ತಿರುವುದು ಗಮನಾರ್ಹ. ಭಾರತದ ಆರ್ಕ್ಟಿಕ್ ಸಂಶೋಧನಾ ನೆಲೆಯಾದ ಹಿಮಾದ್ರಿ 2008ರಲ್ಲಿ ಆರಂಭವಾದದ್ದೂ ಇದೇ ಹಳ್ಳಿಯಲ್ಲಿ.

ಗ್ರೀನ್‌ಲೆಂಡಿನ ಈಶಾನ್ಯದ ಸ್ಟೇಷನ್ ನೋರ್ಡ್, ಅಲಾಸ್ಕಾದ ಉತ್ಕಿಯಾಗ್ವಿಕ್ ಮತ್ತು ರಷ್ಯಾದ ಕಾರಾ ಕಡಲ ತೀರದ ಆಮ್ಡರ್ಮಾಗಳಲ್ಲಿಯೂ ಮಾಪನ ನಡೆದಿದ್ದು, ಕ್ಷೀಣಿಕೆ ಅಲರ್ಟಿನ ವಿಶೇಷವಲ್ಲ, ಇಡೀ ಆರ್ಕ್ಟಿಕ್ ಕರಾವಳಿಯ ಲಕ್ಷಣವೆಂದು ಖಚಿತವಾಯಿತು. ಆದರೆ ಆರ್ಕ್ಟಿಕ್ ತೀರದ ಅರ್ಧದಷ್ಟು ರಷ್ಯಾಕ್ಕೆ ಸೇರಿದ್ದರೂ ದಾಖಲೆಗಳು ಅತ್ಯಂತ ವಿರಳವಾಗಿರುವುದು ಆ ಭಾಗದಿಂದಲೇ. ಲೆನಾ, ಯೆನಿಸೇ, ಓಬ್‌ನಂತಹ ಮಹಾನದಿಗಳು ಸೈಬೀರಿಯದ ನೆಲದ ಪಾದರಸವನ್ನು ಕಡಲಿಗೆ ತರುವುದರಿಂದ ಈ ಕೊರತೆ ಇನ್ನಷ್ಟು ಕಾಡುತ್ತದೆ. 2022ರಲ್ಲಿ ಆರ್ಕ್ಟಿಕ್ ಮಂಡಳಿಯ ಸಭೆಗಳೇ ಸ್ಥಗಿತಗೊಂಡ ಮೇಲೆ ಅದನ್ನು ತುಂಬುವುದು ಮತ್ತಷ್ಟು ಕಷ್ಟವಾಯಿತು.

ಬೇಸಿಗೆಯಲ್ಲಿ ಆರ್ಕ್ಟಿಕ್ ಗಾಳಿಯ ಪಾದರಸ ಚಳಿಗಾಲದ ಮಟ್ಟಕ್ಕಿಂತ ಮೇಲೇರುತ್ತದೆ. ಇದಕ್ಕೆ ನದಿಗಳು ಕಾರಣವೋ ಕರಗುವ ಹಿಮ ಕಾರಣವೋ ಎಂಬ ಚರ್ಚೆ ದೀರ್ಘಕಾಲ ನಡೆದಿದೆ. 2019–20ರಲ್ಲಿ ಜರ್ಮನಿಯ ಪೋಲಾರ್‌ಸ್ಟೆರ್ನ್ ಹಡಗು ಮಂಜುಗಡ್ಡೆಯೊಡನೆ ತೇಲುತ್ತ ಕೈಗೊಂಡ ಮೊಸಾಯಿಕ್ ಯಾತ್ರೆಯ ಮಾಪನಗಳು, ಮಧ್ಯ ಆರ್ಕ್ಟಿಕ್‌ನಲ್ಲಿ ಬೇಸಿಗೆಯ ಏರಿಕೆಗೆ ಮಂಜುಗಡ್ಡೆಯ ಅಂಚಿನ ಒಡೆದ ಕಡಲು ಮುಖ್ಯ ಮೂಲವೆಂದು ತೋರಿಸಿದವು.

ಸಸ್ಯಗಳ ಪಾತ್ರವೂ ಬೆಳಕಿಗೆ ಬಂದಿದೆ. ಅಲಾಸ್ಕಾದ ಟೂಲಿಕ್ ಕ್ಷೇತ್ರದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಳನಾಡಿನ ತುಂದ್ರಾಕ್ಕೆ ಸೇರುವ ಪಾದರಸದಲ್ಲಿ ಸುಮಾರು ಶೇಕಡಾ 70ರಷ್ಟು ಧಾತುರೂಪದ್ದು. ಗಿಡ, ಪಾಚಿ, ಮಣ್ಣುಗಳು ಅದನ್ನು ನೇರವಾಗಿ ಹೀರಿಕೊಳ್ಳುತ್ತವೆ. ವಸಂತದ ಕ್ಷೀಣಿಕೆಯಷ್ಟು ಕಣ್ಣಿಗೆ ಹೊಡೆಯದ, ಸದ್ದಿಲ್ಲದೆ ನಡೆಯುವ ಈ ಕ್ರಿಯೆ ಬಹುಕಾಲ ಗಮನ ತಪ್ಪಿಸಿಕೊಂಡಿತ್ತು.

ಅಂಟಾರ್ಕ್ಟಿಕ

ಜರ್ಮನಿಯ ನೊಯ್‌ಮಾಯರ್ ಕೇಂದ್ರದಲ್ಲಿ 2000ದಲ್ಲಿ ನಡೆದ ಮಾಪನದಿಂದ ದಕ್ಷಿಣದಲ್ಲಿಯೂ ವಸಂತದ ಕ್ಷೀಣಿಕೆ ಇದೆಯೆಂದು ತಿಳಿಯಿತು. ಅಲ್ಲಿ ಅದು ಆಗಸ್ಟ್‌ನಿಂದ ನವೆಂಬರಿನವರೆಗೆ. ನಾರ್ವೆಯ ಟ್ರೋಲ್ ಕೇಂದ್ರದಲ್ಲಿ 2007ರಿಂದ ಮಾಪನವಿದೆ. ಫ್ರಾನ್ಸ್ ಮತ್ತು ಇಟಲಿ ದೇಶಗಳ ಕಾಂಕಾರ್ಡಿಯಾ ಕೇಂದ್ರವು ಕರಾವಳಿಯಿಂದ ಸುಮಾರು 1,100 ಕಿಲೋಮೀಟರ್ ಒಳಗೆ, 3,200 ಮೀಟರಿಗಿಂತ ಎತ್ತರದ ಹಿಮ ಪ್ರಸ್ಥಭೂಮಿಯಲ್ಲಿದೆ. ಅಲ್ಲಿ ಬೇಸಿಗೆಯಲ್ಲಿ ಓಝೋನ್ ಇಳಿಯದೆಯೇ ಪಾದರಸ ಮಾತ್ರ ದಿನಗಟ್ಟಲೆ ಇಳಿದಿರುತ್ತದೆ. ಕಡಲ ಉಪ್ಪಿನ ಬ್ರೋಮಿನ್ ಮಾತ್ರವೇ ಕಾರಣವೆಂಬ ಅಲರ್ಟಿನ ವಿವರಣೆ ಈ ಪ್ರಸ್ಥಭೂಮಿಗೆ ಸಾಲುವುದಿಲ್ಲ. ಬಿಸಿಲಿಗೆ ಹಿಮದ ನೈಟ್ರೇಟಿನಿಂದ ಹೊಮ್ಮುವ ಅನಿಲಗಳು ಅಲ್ಲಿಯ ಗಾಳಿಯ ಉತ್ಕರ್ಷಣ ಶಕ್ತಿಯನ್ನು ಹೆಚ್ಚಿಸುತ್ತವೆ.

ಆಹಾರ ಸರಪಳಿ ಮತ್ತು ಜನಜೀವನ

ಗಾಳಿಯಲ್ಲಿರುವ ಇಷ್ಟು ಅಲ್ಪ ಪಾದರಸವನ್ನು ಉಸಿರಾಡುವುದರಿಂದ ಯಾರಿಗೂ ತೊಂದರೆಯಿಲ್ಲ. ಅಪಾಯವಿರುವುದು ನೀರಿನಲ್ಲಿ. ಅಲ್ಲಿ ಸೂಕ್ಷ್ಮಜೀವಿಗಳು ಅದರ ಒಂದು ಭಾಗವನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಅಧಿಕೃತವಾಗಿ ಗುರುತಿಸಲ್ಪಟ್ಟ ಭೀಕರ ನರರೋಗಕ್ಕೆ ಕಾರಣವಾದ ವಿಷ ಇದೇ. ಪ್ಲವಕದಿಂದ ಮೀನಿಗೆ, ಮೀನಿನಿಂದ ಸೀಲಿಗೆ, ಸೀಲಿನಿಂದ ಹಿಮಕರಡಿಗೆ ಹೋಗುವ ಪ್ರತಿ ಮೆಟ್ಟಿಲಲ್ಲಿಯೂ ಅದರ ಸಾಂದ್ರತೆ ಹೆಚ್ಚುತ್ತದೆ. ಹಳೆಯ ಹಲ್ಲು, ಕೂದಲು, ಗರಿಗಳನ್ನು ಪರೀಕ್ಷಿಸಿದಾಗ, ಇಂದಿನ ಆರ್ಕ್ಟಿಕ್ ಪ್ರಾಣಿಗಳ ದೇಹದ ಪಾದರಸದಲ್ಲಿ ಶೇಕಡಾ 90ಕ್ಕೂ ಹೆಚ್ಚು ಮನುಷ್ಯನ ಚಟುವಟಿಕೆಯಿಂದ ಬಂದುದೆಂದು ಅಂದಾಜಾಗಿದೆ.

ಫ್ಯಾರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಸುಮಾರು ಒಂದು ಸಾವಿರ ಮಕ್ಕಳನ್ನು ಫಿಲಿಪ್ ಗ್ರಾಂಜಾನ್ ಮತ್ತು ಸಂಗಡಿಗರು ಏಳನೆಯ ವಯಸ್ಸಿನಲ್ಲಿ ಪರೀಕ್ಷಿಸಿದರು. ಪೈಲಟ್ ತಿಮಿಂಗಿಲದ ಮಾಂಸ ತಿಂದ ತಾಯಂದಿರ ಮೂಲಕ ಗರ್ಭದಲ್ಲಿಯೇ ಹೆಚ್ಚು ಪಾದರಸಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಗಮನ, ಭಾಷೆ, ಸ್ಮರಣೆಗಳು ತುಸು ಹಿಂದುಳಿದಿದ್ದವೆಂದು 1997ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಮಕ್ಕಳನ್ನು ಕಂಡವರಿಗೆ 'ತುಸು' ಎಂಬ ಈ ಮಾತಿನ ಭಾರ ತಿಳಿಯುತ್ತದೆ.

ಕೆನಡಾದ ನುನವಿಕ್ ಪ್ರದೇಶದಲ್ಲಿ ಆರೋಗ್ಯಾಧಿಕಾರಿಗಳು 2011ರಲ್ಲಿ, ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರು ಬೆಲೂಗಾ ತಿಮಿಂಗಿಲದ ಮಾಂಸವನ್ನು ಕಡಿಮೆ ಮಾಡಬೇಕೆಂದು ಸಲಹೆ ನೀಡಿದರು. ಸಲಹೆ ಕೊಡುವುದು ಸುಲಭ, ಪಾಲಿಸುವುದು ಸುಲಭವಲ್ಲ. ಬೇಟೆಯ ಮಾಂಸ ಆ ಜನರಿಗೆ ಪೌಷ್ಟಿಕ ಆಹಾರ. ಹಂಚಿಕೊಂಡು ತಿನ್ನುವ ಸಂಪ್ರದಾಯ. ವಿಮಾನದಲ್ಲಿ ಬರುವ ಅಂಗಡಿಯ ಆಹಾರ ದುಬಾರಿ, ಗುಣದಲ್ಲಿ ಕೀಳು. ಪಾದರಸ ಕಡಿಮೆಯಿರುವ ಆರ್ಕ್ಟಿಕ್ ಚಾರ್ ಮೀನು ಒಂದು ಪರ್ಯಾಯ. ಹಲವು ಪ್ರದೇಶಗಳ ಇನುಯಿಟ್ ಜನರ ರಕ್ತದಲ್ಲಿ ಪಾದರಸ ಕಳೆದ ದಶಕಗಳಲ್ಲಿ ಕಡಿಮೆಯಾಗಿದೆ. ಆದರೆ ಅದಕ್ಕೆ ಮುಖ್ಯ ಕಾರಣ ಗಾಳಿ ಶುದ್ಧವಾದದ್ದಲ್ಲ, ಜನ ತಮ್ಮ ಊಟವನ್ನು ಬಿಟ್ಟುಕೊಟ್ಟದ್ದು. ಹೊರಸೂಸುವಿಕೆಯನ್ನು ಮೂಲದಲ್ಲಿಯೇ ತಡೆಯಬೇಕೆಂಬ ಅವರ ಸಂಘಟನೆಗಳ ಒತ್ತಾಯಕ್ಕೆ ಧ್ರುವದ ಮಾಪನಗಳು ಆಧಾರವಾದವು.

ಮಿನಮಾಟ ಒಪ್ಪಂದ ಮತ್ತು ದೀರ್ಘ ದಾಖಲೆ

ಪಾದರಸದ ಬಳಕೆ ಹಾಗೂ ಹೊರಸೂಸುವಿಕೆಯನ್ನು ನಿಯಂತ್ರಿಸುವ ಮಿನಮಾಟ ಒಪ್ಪಂದವು 2013ರ ಅಕ್ಟೋಬರಿನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂದಿತು. ಭಾರತ 2018ರ ಜೂನ್‌ನಲ್ಲಿ ಅದನ್ನು ಸ್ಥಿರೀಕರಿಸಿತು. ಒಪ್ಪಂದದ ಪೀಠಿಕೆಯಲ್ಲಿ ಆರ್ಕ್ಟಿಕ್ ಪರಿಸರ ಮತ್ತು ಅಲ್ಲಿಯ ಮೂಲನಿವಾಸಿಗಳು ವಿಶೇಷವಾಗಿ ಪೀಡಿತರಾಗಬಲ್ಲರೆಂದು ಉಲ್ಲೇಖವಿದೆ. ಒಪ್ಪಂದ ಫಲ ಕೊಡುತ್ತಿದೆಯೇ ಎಂದು ನಿಯತವಾಗಿ ಪರಿಶೀಲಿಸಬೇಕೆಂಬ ವಿಧಿಯೂ ಇದೆ. ಹತ್ತಿರದಲ್ಲಿ ಚಿಮಣಿಗಳಿಲ್ಲದ ಧ್ರುವ ಕೇಂದ್ರಗಳ ದಾಖಲೆ ಈ ಪರಿಶೀಲನೆಗೆ ಬಹಳ ಮುಖ್ಯ.

ಆ ದಾಖಲೆ ಸರಳವಾದ ಉತ್ತರ ಕೊಡುವುದಿಲ್ಲ. 2000ದಿಂದ 2009ರವರೆಗಿನ ಅವಧಿಯಲ್ಲಿ ಅಲರ್ಟಿನ ಪಾದರಸ ವರ್ಷಕ್ಕೆ ಸುಮಾರು ಶೇಕಡಾ 0.9ರಂತೆ ಇಳಿಯಿತು, ಅದೇ ಅವಧಿಯಲ್ಲಿ ಜೆಪ್ಪೆಲಿನ್ ಬೆಟ್ಟದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಇನ್ನೊಂದೆಡೆ ಜಾಗತಿಕ ಹೊರಸೂಸುವಿಕೆಯ ಪಟ್ಟಿಗಳು ಏರಿಕೆಯನ್ನು ತೋರಿಸುತ್ತಿದ್ದವು. ಆರ್ಕ್ಟಿಕ್ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಕಾರ್ಯಕ್ರಮವು 2011 ಮತ್ತು 2021ರಲ್ಲಿ ಪ್ರಕಟಿಸಿದ ವಿಸ್ತೃತ ವರದಿಗಳಲ್ಲಿ ಈ ಹೊಂದಾಣಿಕೆಯಿಲ್ಲದ ಸಂಖ್ಯೆಗಳ ಚರ್ಚೆಯಿದೆ. ಪ್ರಾಣಿಗಳಲ್ಲಿಯೂ ಕೆಲವೆಡೆ ಏರಿಕೆ, ಕೆಲವೆಡೆ ಇಳಿಕೆ ಕಂಡಿದೆ. ಗಾಳಿಯ ಮಟ್ಟ ಇಳಿದ ಕೂಡಲೆ ಸೀಲಿನ ಯಕೃತ್ತಿನ ಮಟ್ಟ ಇಳಿಯಬೇಕೆಂದಿಲ್ಲ, ಏಕೆಂದರೆ ಕಡಲಿನಲ್ಲಿ ಹಿಂದಿನ ಪಾದರಸದ ದೊಡ್ಡ ದಾಸ್ತಾನಿದೆ.

ಹವಾಮಾನದ ಬದಲಾವಣೆ ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸಿದೆ. ಹಳೆಯ ದಪ್ಪ ಮಂಜುಗಡ್ಡೆಯ ಬದಲು ಒಂದೇ ವರ್ಷದ, ಹೆಚ್ಚು ಉಪ್ಪಿನ ತೆಳು ಮಂಜುಗಡ್ಡೆ ಹೆಚ್ಚುತ್ತಿದೆ. ಅದು ಬ್ರೋಮಿನ್ ಕ್ರಿಯೆಗೆ ಅನುಕೂಲ. ಆದರೆ ವಸಂತದ ಬಿಸಿ ಬೇಗ ಬಂದರೆ ಅದೇ ಕ್ರಿಯೆ ಬೇಗ ನಿಲ್ಲುತ್ತದೆ. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲದಲ್ಲಿಯೂ ಅಪಾರ ಪಾದರಸವಿದೆಯೆಂದು 2018ರ ಅಧ್ಯಯನವೊಂದು ಅಂದಾಜಿಸಿತು. ಅನಂತರ ಹೆಚ್ಚಿನ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿದವರು ಆ ಅಂದಾಜನ್ನು ಬಹಳಷ್ಟು ಇಳಿಸಿದ್ದಾರೆ. ಇಳಿಸಿದ ಮೇಲೂ ಅದು ಒಂದು ವರ್ಷದಲ್ಲಿ ಮನುಷ್ಯ ಗಾಳಿಗೆ ಬಿಡುವ ಪಾದರಸದ ನೂರಾರು ಪಟ್ಟು.